ಹನ್ನೊಂದು ದಿನಗಳ ಸೀಸೆ

ಫೆಬ್ರುವರಿ 11

ಪ್ರಯೋಗಾಲಯದ ಸಂಶೋಧಕಿಯವರಿಗೆ,

ನಿಮ್ಮ ಪತ್ರ ತಲುಪಿತು. ಅಂಚೆಯವನು ಕೈಗೆ ಕೊಟ್ಟ, ಅದು ಎದೆಗೆ ಬಡಿಯಿತು. ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ, ನೀಲಿ ಮೊಹರಿನ ಕಾಗದದಲ್ಲಿ, "ತಮ್ಮ ಪತ್ನಿಯವರ ಜೀವಕೋಶಗಳು ನಮ್ಮಲ್ಲಿ ಆರೋಗ್ಯವಾಗಿ ಬೆಳೆಯುತ್ತಿವೆ" ಎಂದು ಯಾರಾದರೂ ಬರೆದರೆ ಗಂಡನಾದವನು ಏನು ಮಾಡಬೇಕು, ಹೇಳಿ. ನಾನು ಕುರ್ಚಿಯಿಂದ ಎದ್ದೆ, ಕೂತೆ, ಮತ್ತೆ ಎದ್ದೆ. ನಮ್ಮ ನಾಟಕ ಕಂಪನಿಯ ಹಾಸ್ಯಗಾರ ನನ್ನ ಸ್ವಂತ ತಮ್ಮ. ಅವನಿಗೆ ಓದಿ ಹೇಳಿದೆ. ಅವನು ಬಣ್ಣ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, "ನೋಡಣ್ಣ, ಅತ್ತಿಗೆ ಸತ್ತ ಮೇಲೂ ರಿಹರ್ಸಲ್ ಬಿಟ್ಟಿಲ್ಲ" ಅಂದ. ಅಂದವನು ನಗಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಐವತ್ತು ವರ್ಷದಿಂದ ನಾಟಕದವನು. ರಾಜನ ಪಾತ್ರವೇ ಹೆಚ್ಚು, ಹಾಗಾಗಿ ಎಲ್ಲರೂ ದೊರೆ ಅನ್ನುತ್ತಾರೆ. ನನ್ನ ಹೆಂಡತಿಯನ್ನು ಕಂಚು ಅನ್ನುತ್ತಿದ್ದರು. ಅವಳ ಧ್ವನಿ ಹಾಗಿತ್ತು. ಮೈಕು ಕೆಟ್ಟ ದಿನ ಉಳಿದವರ ಮುಖ ಬಾಡುತ್ತಿತ್ತು, ಅವಳದು ಅರಳುತ್ತಿತ್ತು. ಹಿಂದಿನ ಸಾಲಿನ ಮುದುಕ ಕೈಯನ್ನು ಕಿವಿಗೆ ಒಡ್ಡದೆಯೇ ಕೇಳುತ್ತಿದ್ದ.

ನೀವು ಬರೆದದ್ದು ನೆನಪಿದೆ. ಆಸ್ಪತ್ರೆಯಲ್ಲಿ ಅವಳ ಎದೆಯಲ್ಲಿ ತುಂಬಿದ್ದ ನೀರನ್ನು ಎರಡು ಸಲ ತೆಗೆದರು: ಕ್ಯಾನ್ಸರಿನ ಗುಳಿಗೆ ಶುರುಮಾಡುವ ಮುಂಚೆ ಒಮ್ಮೆ, ಗುಳಿಗೆ ಕೈಕೊಟ್ಟ ಮೇಲೆ ಇನ್ನೊಮ್ಮೆ. ಆ ನೀರಿನಲ್ಲಿದ್ದ ಕೋಶಗಳು ನಿಮ್ಮ ಸೀಸೆಗಳಲ್ಲಿವೆ. ಅವನ್ನು ಇಟ್ಟುಕೊಳ್ಳಲು, ಬೇರೆ ಪ್ರಯೋಗಾಲಯಗಳಿಗೂ ಹಂಚಲು ನನ್ನ ರುಜು ಬೇಕು. ಸರಿ. ನನ್ನದೂ ಒಂದು ಪ್ರಶ್ನೆಯಿದೆ. ಆ ಗುಳಿಗೆ ಎಂಟು ತಿಂಗಳಲ್ಲಿ ಗಡ್ಡೆಯನ್ನು ಅಂಗೈಯಷ್ಟಿದ್ದದ್ದರಿಂದ ಬಟಾಣಿಯಷ್ಟಕ್ಕೆ ಇಳಿಸಿತ್ತು. ಒಂಬತ್ತನೆಯ ತಿಂಗಳು ಅದೇ ಗುಳಿಗೆ, ಅದೇ ಹೊತ್ತು, ಅದೇ ನೀರಿನ ಲೋಟ, ಆದರೆ ಏನೂ ಆಗಲಿಲ್ಲ. ಏಕೆ? ದೊಡ್ಡ ಡಾಕ್ಟರು "ಕೆಲವರಲ್ಲಿ ಹಾಗಾಗುತ್ತೆ" ಅಂದು ಕನ್ನಡಕ ತೆಗೆದಿಟ್ಟರು. ನನಗದು ಸಾಲದು. ಉತ್ತರ ಕೊಡಿ, ರುಜು ಹಾಕುತ್ತೇನೆ.

ಇಂತಿ,
ದೊರೆ (ರಂಗದ ಮೇಲೆ ಮಾತ್ರ)


ಫೆಬ್ರುವರಿ 24

ಮಾನ್ಯರೇ,

"ಆರೋಗ್ಯವಾಗಿ" ಎಂಬ ಪದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಅದು ಕಚೇರಿಯ ಅಚ್ಚಿನ ಒಕ್ಕಣೆ. ಯಾರ ಮನೆಗೆ ಹೋಗುತ್ತದೆಂದು ಯೋಚಿಸದೆ ಕೆಳಗೆ ಸಹಿ ಮಾಡಿದವಳು ನಾನೇ.

ನೀವು ಕೇಳಿದ್ದು ನನ್ನ ಐದು ವರ್ಷದ ಕೆಲಸದ ಪ್ರಶ್ನೆ. ಪೂರ್ತಿ ಉತ್ತರ ನನ್ನಲ್ಲಿಲ್ಲ. ಇರುವಷ್ಟನ್ನು ಹೇಳುತ್ತೇನೆ.

ಕೋಶಗಳು ಇರುವುದು ಬೀರುವಿನಂಥ ಒಂದು ಪೆಟ್ಟಿಗೆಯಲ್ಲಿ. ಒಳಗೆ ಸದಾ ಮೈಶಾಖ. ಅಂಗೈಯಗಲದ ಚಪ್ಪಟೆ ಸೀಸೆಗಳನ್ನು ಮಲಗಿಸಿಟ್ಟಿರುತ್ತೇವೆ, ತಳದಲ್ಲಿ ನಸುಗೆಂಪು ಪೋಷಕ ದ್ರವ. ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದನ್ನು ಹಾಕಬೇಕು. ಭಾನುವಾರ, ಹುಟ್ಟುಹಬ್ಬ, ಜ್ವರ, ಯಾವ ನೆಪವೂ ಅವಕ್ಕೆ ಕೇಳಿಸುವುದಿಲ್ಲ. ನನ್ನ ಅಮ್ಮ ಫೋನಿನಲ್ಲಿ "ನಿನ್ನ ಮಕ್ಕಳು ಊಟ ಮಾಡಿದ್ವಾ" ಎಂದೇ ಮಾತು ಶುರುಮಾಡುತ್ತಾಳೆ.

ಗುಳಿಗೆಗೆ ಮುಂಚಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ಕೂಡಿಸಿದ ಕಲ್ಲುಹಾಸಿನ ಹಾಗೆ ಕಾಣುತ್ತವೆ. ಗುಳಿಗೆಯ ನಂತರದವು ಉದ್ದುದ್ದ, ಕೈಚಾಚಿಕೊಂಡಿವೆ. ಒಂದೇ ದೇಹದವು ಎಂದು ಹೇಳಿದರೆ ನಂಬಲು ಒಂದು ಕ್ಷಣ ಬೇಕು. ವ್ಯತ್ಯಾಸ ಇರುವುದು ಜೀನ್‌ಗಳಲ್ಲಿ. ಪ್ರತಿ ಕೋಶದಲ್ಲೂ ಎಲ್ಲ ಜೀನ್‌ಗಳೂ ಇರುತ್ತವೆ, ಆದರೆ ಎಲ್ಲವೂ ಒಮ್ಮೆಗೇ ಮಾತಾಡುವುದಿಲ್ಲ. ಕೆಲವು ಬಾಯಿ ಮುಚ್ಚಿಕೊಂಡಿರುತ್ತವೆ. ಒಳಗೆ ಬಂದ ಔಷಧವನ್ನು ಹೊರಕ್ಕೆ ಎತ್ತಿ ಹಾಕುವ ಪಂಪನ್ನು ಕಟ್ಟುವ ಜೀನ್ ಒಂದಿದೆ. ನಂತರದ ಕೋಶಗಳಲ್ಲಿ ಅದು ಮಾಮೂಲಿ ಕೋಶಕ್ಕಿಂತ ನಲವತ್ತು ಪಟ್ಟು ಜೋರಾಗಿ ಮಾತಾಡುತ್ತಿದೆ. ಗುಳಿಗೆ ಒಳಹೋಗುತ್ತಿತ್ತು, ಕೋಶ ಅದನ್ನು ಹೊರದಬ್ಬುತ್ತಿತ್ತು.

ಅದು ಯಾವಾಗ, ಏಕೆ ಬಾಯಿ ಬಿಟ್ಟಿತೆಂಬುದು ಗೊತ್ತಿಲ್ಲ. ಅದನ್ನೇ ಹುಡುಕಬೇಕು. ಮುಂಚಿನ ಕೋಶಗಳಲ್ಲಿ ಈಗ ಎರಡು ಪುಟ್ಟ ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟವು ಮಾತ್ರ ಉಳಿದಿವೆ. ಅದರಲ್ಲಿ ಒಂದನ್ನು ಕರಗಿಸಿ ಮತ್ತೆ ಬೆಳೆಸುತ್ತೇನೆ.

ಒಂದು ವಿಷಯ ಖಚಿತಪಡಿಸಿ. ಆಸ್ಪತ್ರೆಯ ಫೈಲಿನಲ್ಲಿ "ಗುಳಿಗೆ ಒಂದು ದಿನವೂ ತಪ್ಪಿಲ್ಲ" ಎಂದಿದೆ. ಸರಿಯೇ?

ವಂದನೆಗಳೊಂದಿಗೆ,
ಸಂಶೋಧಕಿ


ಮಾರ್ಚ್ 6

ಸಂಶೋಧಕಿಯವರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ, ಮೂರನೆಯ ಸಲ ಗಟ್ಟಿಯಾಗಿ. ಜೀನ್‌ಗಳ ವಿಷಯ ನನಗೆ ಅರ್ಥವಾಗುವುದಿಲ್ಲವೆಂದು ಹೆದರಿದ್ದಿರೇನೋ. ತಾಯಿ, ಅದು ನಮ್ಮ ಕಂಪನಿಯ ಕಥೆಯೇ. ನಮ್ಮಲ್ಲಿ ಪರದೆ ಎಳೆಯುವವನಿಗೂ ಇಡೀ ನಾಟಕ ಬಾಯಿಪಾಠ. ಹದಿನೆಂಟು ಜನರ ತಲೆಯಲ್ಲೂ ಅದೇ ನೂರಿಪ್ಪತ್ತು ಪುಟ. ಯಾವ ದೃಶ್ಯದಲ್ಲಿ ಯಾರು ಬಾಯಿ ಬಿಡುತ್ತಾರೆ, ಯಾರು ನೆರಳಲ್ಲಿ ನಿಲ್ಲುತ್ತಾರೆ ಎಂಬುದರಲ್ಲೇ ನಾಟಕ ಇರುವುದು.

ಕಂಚುವಿಗೆ ಎಲ್ಲರ ಮಾತೂ ಬರುತ್ತಿತ್ತು. ಒಮ್ಮೆ ಮಂತ್ರಿ ಪಾತ್ರದವನು ವಾಂತಿಭೇದಿಯಿಂದ ಮಲಗಿದ. ಇವಳು ರಾಣಿಯ ಸೀರೆಯ ಮೇಲೇ ನಿಲುವಂಗಿ ಹಾಕಿ, ಮೀಸೆ ಅಂಟಿಸಿ, ಮಂತ್ರಿಯಾಗಿ ನನಗೆ ಬುದ್ಧಿ ಹೇಳಿ, ಪರದೆಯ ಹಿಂದೆ ಹೋಗಿ ಮೀಸೆ ಕಿತ್ತು, ರಾಣಿಯಾಗಿ ಬಂದು ಮಂತ್ರಿಯ ಮೇಲೆ ಚಾಡಿ ಹೇಳಿದಳು. ಜನಕ್ಕೆ ಗೊತ್ತಾಗಲಿಲ್ಲ. ನನಗೆ ನಗು ತಡೆಯಲಾರದೆ ಸಿಂಹಾಸನಕ್ಕೆ ಬೆನ್ನು ಮಾಡಿ ನಿಂತೆ. ಅಂಥವಳ ಕೋಶ, ತನಗೆ ಯಾರೂ ಕೊಡದ ಪಾತ್ರವನ್ನು ಎತ್ತಿಕೊಂಡು ಆಡಿತೆಂದರೆ ನನಗೆ ಅಚ್ಚರಿಯಿಲ್ಲ. ಕೋಪ ಬರುತ್ತದೆ, ಅಚ್ಚರಿಯಿಲ್ಲ.

ಫೈಲಿನಲ್ಲಿ ಹಾಗಿದ್ದರೆ ಹಾಗೇ ಇರಲಿ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ಯಾರೋ ಒಬ್ಬರು, ನಮ್ಮ ಕಡೆಯವರಲ್ಲ, ನಡುವೆ ಕೆಲವು ದಿನ ಗುಳಿಗೆ ನಿಲ್ಲಿಸಿದರು ಅನ್ನಿ. ಆ ಬಿಡುವಿನಲ್ಲೇ ಕೋಶಗಳು ಚೇತರಿಸಿಕೊಂಡು ಈ ಪಂಪಿನ ವಿದ್ಯೆ ಕಲಿತುಬಿಡುತ್ತವೆಯೇ? ಅವಸರವಿಲ್ಲ. ಬಿಡುವಾದಾಗ ಬರೆಯಿರಿ.

ಇಂತಿ,
ದೊರೆ


ಏಪ್ರಿಲ್ 2

ಮಾನ್ಯರೇ,

ಸಂತೋಷದ ಸುದ್ದಿ. ನೀವು ಕೇಳಿದ "ಯಾರೋ ಒಬ್ಬರಿಗೆ" ಇದನ್ನು ಮೊದಲು ಹೇಳಿ.

ಮುಂಚಿನ ಕೋಶಗಳು ಕರಗಿ ಎದ್ದವು. ಮೊದಲ ವಾರ ಮಂಕಾಗಿದ್ದು, ಎರಡನೆಯ ವಾರ ದಡದಡ ಬೆಳೆದವು. ನಿನ್ನೆ ಅವುಗಳ ಜೀನ್‌ಗಳನ್ನು ಅಳೆದೆ. ಪಂಪಿನ ಜೀನ್ ಆಗಲೇ ಜೋರಾಗಿ ಮಾತಾಡುತ್ತಿದೆ. ಒಂದೇ ಒಂದು ಗುಳಿಗೆ ನುಂಗುವ ಮುಂಚೆ ತೆಗೆದ ಕೋಶಗಳಲ್ಲಿ. ಅಂದರೆ ಪ್ರತಿರೋಧ ಮೊದಲ ದಿನದಿಂದಲೂ ಒಳಗೆ ಕೂತಿತ್ತು. ಯಾರೂ ಅದನ್ನು ಕಲಿಸಲಿಲ್ಲ. ಗುಳಿಗೆ ತಪ್ಪಿದ್ದರೂ ತಪ್ಪದಿದ್ದರೂ ಕೊನೆ ಇದೇ ಆಗುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಇಷ್ಟು ಖಚಿತವಾಗಿ ಬರೆಯುವ ಅವಕಾಶ ನಮ್ಮ ಕೆಲಸದಲ್ಲಿ ಸಿಗುವುದು ಅಪರೂಪ.

ವಿಶ್ವಾಸದಿಂದ,
ಸಂಶೋಧಕಿ


ಏಪ್ರಿಲ್ 9

ತಾಯಿ,

ನೂರು ಕಾಲ ಬಾಳು. ಬಹುವಚನ ಕೈಬಿಟ್ಟಿದ್ದಕ್ಕೆ ಕ್ಷಮಿಸು, ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ನಿನ್ನೆ ರಾಜಸಭೆಯ ದೃಶ್ಯದಲ್ಲಿ ನನ್ನ ಧ್ವನಿ ಹಳೆಯ ಹಾಗೆ ಗೋಡೆಗೆ ಹೋಗಿ ತಾಗಿ ವಾಪಸು ಬಂತಂತೆ. ತಮ್ಮ ಹೇಳಿದ. ಒಂದೂವರೆ ವರ್ಷದಿಂದ ನಾನು ಗಂಟಲಲ್ಲೇ ಮಾತಾಡುತ್ತಿದ್ದೆನಂತೆ.

ನಾಟಕದ ಪ್ರವಾಸ ಮುಗಿಸಿ ಬಂದು ರುಜು ಹಾಕುತ್ತೇನೆ. ಅಲ್ಲಿಯವರೆಗೆ ಅವಳಿಗೆ ಹೊತ್ತುಹೊತ್ತಿಗೆ ಉಣಿಸು. ಒಂದು ಫೋಟೋ ಕಳಿಸಲು ಆಗುತ್ತದೆಯೇ? ಆ ಕಲ್ಲುಹಾಸಿನದು.

ನಿನ್ನ
ದೊರೆ


ಏಪ್ರಿಲ್ 27

ಮಾನ್ಯರೇ,

ಏಪ್ರಿಲ್ ಎರಡರ ನನ್ನ ಪತ್ರ ತಪ್ಪು. ಪೂರ್ತಿ ತಪ್ಪು. ದಯವಿಟ್ಟು ಅದನ್ನು ನಂಬಬೇಡಿ.

ಹೇಗಾಯಿತೆಂದು ಹೇಳಬೇಕು. ನಮ್ಮ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ: ಒಂದು ಬಗೆಯ ಕೋಶಕ್ಕೆ ಒಂದೇ ಬಾಟಲಿ. ಒಂದು ಬಗೆಗೆ ಬಳಸಿದ ದ್ರವದ ಬಾಟಲಿಯನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಮಾರ್ಚ್ ಹದಿನೆಂಟರಂದು ದ್ರವ ಕಡಿಮೆಯಿತ್ತು. ಬೆಚ್ಚಗೆ ಮಾಡಿದ್ದ ಬಾಟಲಿ ಒಂದೇ. ನಂತರದ ಕೋಶಗಳಿಗೆ ಹಾಕಿದೆ. ಅದೇ ಬಾಟಲಿಯಿಂದ ಮುಂಚಿನವಕ್ಕೂ ಹಾಕಿದೆ. ದ್ರವ ಎಳೆದು ಹಾಕುವ ಪಿಪೆಟ್ಟು ಹೊಸದು ತಾನೆ ಎಂದುಕೊಂಡೆ. ಆದರೆ ಮೊದಲ ಸರದಿಯ ಪಿಪೆಟ್ಟು ನಂತರದವುಗಳ ಸೀಸೆಯಿಂದ ಒಂದು ಹನಿಯನ್ನು ಬಾಟಲಿಗೆ ಹಿಂದಿರುಗಿಸಿರಬೇಕು. ಒಂದು ಹನಿಯಲ್ಲಿ ಹತ್ತೋ ಇಪ್ಪತ್ತೋ ಕೋಶ. ಅವು ಗಟ್ಟಿಗ ಕೋಶಗಳು, ಬೇಗ ಬೆಳೆಯುತ್ತವೆ. ಮುಂಚಿನವುಗಳ ಸೀಸೆಗೆ ನುಗ್ಗಿ, ಹದಿನೈದು ದಿನದಲ್ಲಿ ಮನೆಯನ್ನೇ ಆಕ್ರಮಿಸಿಕೊಂಡವು. ನಾನು ಅಳೆದದ್ದು ಅವುಗಳನ್ನು. "ದಡದಡ ಬೆಳೆದವು" ಎಂದು ಹೆಮ್ಮೆಯಿಂದ ಬರೆದೆನಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಗೊತ್ತಾದದ್ದು ನೀವು ಕೇಳಿದ ಫೋಟೋದಿಂದ. ಗುರುತಿಗೆಂದು ನಂತರದ ಕೋಶಗಳೊಳಗೆ ನಾವು ಹಸಿರಾಗಿ ಹೊಳೆಯುವ ಒಂದು ಗುಣವನ್ನು ಸೇರಿಸಿದ್ದೆವು. ಮುಂಚಿನವು ಹೊಳೆಯಬಾರದು. ನಿಮಗೆ ಚೆಂದದ ಚಿತ್ರ ಕಳಿಸೋಣವೆಂದು ನೀಲಿ ಬೆಳಕು ಹಾಕಿದೆ. ಸೀಸೆಯ ತುಂಬ ಹಸಿರು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಂದು ನೋಡಿದರು. ಬಯ್ಯಲಿಲ್ಲ. ಇನ್ನೊಂದು ಸಲ ಮಾಡಿ, ಸರಿಯಾದ ಉತ್ತರ ಸಿಕ್ಕ ಮೇಲೆ ಎರಡನ್ನೂ ಸೇರಿಸಿ ಬರೆಯಬಹುದಲ್ಲ, ಪಾಪ ವಯಸ್ಸಾದವರು ಎಂದರು. ಆ ಮಾತಿಗೆ ನನ್ನ ಮನಸ್ಸು ಒಂದು ಇಡೀ ದಿನ ಜೋತುಬಿದ್ದಿತ್ತು. ಆಮೇಲೆ ಅಂದುಕೊಂಡೆ: ನೀವು ಪ್ರತಿದಿನ ನನ್ನ ತಪ್ಪನ್ನು ನಂಬಿಕೊಂಡು ರಂಗಕ್ಕೆ ಹೋಗುತ್ತಿದ್ದೀರಿ.

ನಿಮ್ಮ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿಲ್ಲ. ಮುಂಚಿನ ಕೋಶಗಳ ಕೊಳವೆ ಇನ್ನೊಂದೇ ಉಳಿದಿದೆ. ರುಜು ಹಾಕದಿದ್ದರೂ ನನಗೆ ಅರ್ಥವಾಗುತ್ತದೆ.

ಸಂಶೋಧಕಿ


ಜೂನ್ 30

ಮಗಳೇ,

ಎರಡು ತಿಂಗಳು ಬರೆಯಲಿಲ್ಲ. ಮೊದಲ ವಾರ ಕೋಪ. ನಿನ್ನ ಕಾಗದವನ್ನು ಬಣ್ಣದ ಪೆಟ್ಟಿಗೆಯ ತಳಕ್ಕೆ ಹಾಕಿ ಮುಚ್ಚಿದೆ. ಕೊಟ್ಟು ಕಿತ್ತುಕೊಂಡಳಲ್ಲ ಎಂದುಕೊಂಡೆ. ತಮ್ಮನಿಗೆ ಮಾತ್ರ ಹೇಳಿದೆ. ಅವನು "ಅಣ್ಣ, ಈ ಹುಡುಗಿ ಒಂದು ಹನಿಗೆ ಇಷ್ಟು ದೊಡ್ಡ ಕಾಗದ ಬರ್ದಿದಾಳೆ. ನೀನು ಹನ್ನೊಂದು ದಿನಕ್ಕೆ ಒಂದು ಸಾಲೂ ಬರ್ದಿಲ್ಲ" ಅಂದ.

ಹಾಸ್ಯಗಾರನ ಮಾತು. ನೇರ ಬಂದು ನಾಟಿತು. ಆದ್ದರಿಂದ ಈಗ ಬರೆಯುತ್ತಿದ್ದೇನೆ.

"ಯಾರೋ ಒಬ್ಬರು" ನಾನೇ. ಆ ಗುಳಿಗೆ ಕಂಚುವಿನ ಬಾಯಿಯನ್ನು ಹುಣ್ಣು ಮಾಡಿತ್ತು. ನಾಲಗೆ ಊದಿಕೊಂಡು, ಅವಳ ಧ್ವನಿ ಹರಿದ ತಮಟೆಯ ಹಾಗಾಗಿತ್ತು. ಬರೀ ನೀರು ನುಂಗಿದರೂ ಕಣ್ಣಲ್ಲಿ ನೀರು. ಚಿಕಿತ್ಸೆಯ ಐದನೆಯ ತಿಂಗಳು ನಮಗೆ ದೊಡ್ಡ ಸಭಾಂಗಣ ಸಿಕ್ಕಿತು, ಹನ್ನೊಂದು ದಿನ, ಹನ್ನೊಂದು ಪ್ರಯೋಗ. ಸೆರೆಯಾದ ರಾಣಿ ಸಭೆಯ ನಡುವೆ ನಿಂತು ಗೆದ್ದ ರಾಜನನ್ನು ಪ್ರಶ್ನಿಸುವ ನಾಟಕ. ಗೋಡೆಗೋಡೆಗೆ ಅವಳ ಚಿತ್ರ ಅಂಟಿಸಿದ್ದೆವು. ಆ ಪಾತ್ರ ಮಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ಅವಳು ಕನ್ನಡಿಯ ಮುಂದೆ ಬಾಯಿ ಮುಕ್ಕಳಿಸುತ್ತಿದ್ದಳು. ಹಿಂದೆ ನಿಂತು ನಾನು ಕೇಳಿದೆ: "ಹನ್ನೊಂದು ದಿನ ಗುಳಿಗೆ ಬಿಡೋಣ್ವಾ?"

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ "ಸರಿ" ಅಂದಳು. ಅಷ್ಟೇ. ಆ "ಸರಿ" ಯಾವ ಸ್ವರದಲ್ಲಿತ್ತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಸ್ವರವನ್ನೇ ಉಂಡುಟ್ಟು ಬದುಕಿದವನಿಗೆ ತಿಳಿದಿಲ್ಲ.

ನಾಲ್ಕು ದಿನದಲ್ಲಿ ಹುಣ್ಣು ಮಾಗತೊಡಗಿತು. ಐದನೆಯ ದಿನಕ್ಕೆ ಕಂಚು ಹಿಂದಿರುಗಿತು. ಮಗಳೇ, ಅದನ್ನು ನೀನು ಕೇಳಬೇಕಿತ್ತು. ನಾನು ಗೆದ್ದ ರಾಜ, ಅವಳು ಸರಪಳಿಯ ರಾಣಿ. ಪ್ರತಿದಿನ ಅವಳ ಒಂದೊಂದು ಪ್ರಶ್ನೆಗೂ ನನ್ನ ಕಿರೀಟ ಒಂದೊಂದು ಅಂಗುಲ ಕೆಳಗಿಳಿಯುತ್ತಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಮತ್ತೆ ಗುಳಿಗೆ. ಮುಂದಿನ ತಪಾಸಣೆಯಲ್ಲಿ ದೊಡ್ಡ ಡಾಕ್ಟರು "ಒಂದು ದಿನಾನೂ ತಪ್ಪಿಲ್ಲ ತಾನೆ" ಅಂದರು. ನಾನು "ಇಲ್ಲ" ಅಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನಾಲ್ಕು ತಿಂಗಳಿಗೆ ಗುಳಿಗೆ ಸೋತಿತು. ನಾವಿಬ್ಬರೂ ಆ ಹನ್ನೊಂದು ದಿನಗಳ ಬಗ್ಗೆ ಮಾತಾಡದೆಯೇ ಅವಳು ಹೋದಳು.

ಅವಳನ್ನು ಕೊಂದದ್ದು ನನ್ನ ನಾಟಕವೇ? ನಾನು ತಿಳಿಯಬೇಕಾದದ್ದು ಇದೊಂದೇ.

ರುಜು ಹಾಕಿದ ಕಾಗದ ಇದರ ಜೊತೆಗಿದೆ. ಉತ್ತರಕ್ಕೆ ಕಾಯದೆ ಹಾಕಿದ್ದೇನೆ. ಒಳ್ಳೆಯ ಸುದ್ದಿ ಕೊಟ್ಟಾಗ ನೀನು ನನಗೆ ಬುದ್ಧಿವಂತೆಯಾಗಿ ಕಂಡಿದ್ದೆ. ಅದನ್ನು ವಾಪಸು ತೆಗೆದುಕೊಂಡಾಗ ಎದ್ದು ನಿಂತು ಕೈಮುಗಿಯಬೇಕೆನಿಸಿತು. ಬುದ್ಧಿವಂತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವಳ ಕೋಶಗಳು ನಿನ್ನ ಕೈಯಲ್ಲಿರಲಿ.

ನಿನ್ನ
ದೊರೆ


ಜುಲೈ 19

ದೊರೆಯವರಿಗೆ,

ನಿಮ್ಮ ಕಾಗದವನ್ನು ಮೇಡಂಗೂ ತೋರಿಸಲಿಲ್ಲ. ಮೊದಲು ಕೊನೆಯ ಕೊಳವೆಯನ್ನು ತೆಗೆದೆ.

ಅದನ್ನು ಕರಗಿಸಿದೆ. ನೂರರಲ್ಲಿ ಎಂಬತ್ತು ಕೋಶಗಳು ಮೊದಲ ದಿನವೇ ಸತ್ತು ತೇಲಿದವು. ಮಿಕ್ಕವು ಒಂಬತ್ತು ದಿನ ಅಲುಗಾಡದೆ ಕೂತಿದ್ದವು. ದಿನಕ್ಕೆ ಎರಡು ಸಲ ಹೋಗಿ ನೋಡುತ್ತಿದ್ದೆ, ನೋಡಿದರೆ ಬೆಳೆಯುತ್ತವೆ ಎಂಬಂತೆ. ಹತ್ತನೆಯ ದಿನ ಮೂಲೆಯಲ್ಲಿ ಒಂದು ಪುಟ್ಟ ಕಲ್ಲುಹಾಸು ಕಂಡಿತು. ನೀಲಿ ಬೆಳಕಿನಲ್ಲಿ ಹಿಡಿದೆ. ಕಪ್ಪು, ಪೂರ್ತಿ ಕಪ್ಪು. ಅಷ್ಟು ಚೆಂದದ ಕತ್ತಲನ್ನು ನಾನು ಕಂಡಿರಲಿಲ್ಲ. ಆ ಫೋಟೋ ಇದರೊಂದಿಗಿದೆ. ನಿಮಗೆ ಬರೀ ಕಪ್ಪು ಕಾಗದ ಅನ್ನಿಸಬಹುದು.

ನಿಮ್ಮ ಪ್ರಶ್ನೆಯನ್ನು ಸೀಸೆಗಳಲ್ಲಿ ಇಡಬಹುದು. ಮೊದಲ ಗುಂಪಿಗೆ ಔಷಧವೇ ಇಲ್ಲ. ಎರಡನೆಯದಕ್ಕೆ ತಪ್ಪದೆ ಪ್ರತಿದಿನ ಔಷಧ. ಮೂರನೆಯದಕ್ಕೂ ಪ್ರತಿದಿನ, ಆದರೆ ನಡುವೆ ಹನ್ನೊಂದು ದಿನ ಬಿಡುವು. ಒಂದೊಂದು ಗುಂಪಿನಲ್ಲಿ ಮೂರು ಸೀಸೆ, ಒಟ್ಟು ಒಂಬತ್ತು. ಒಂಬತ್ತಕ್ಕೂ ಬೇರೆ ಬೇರೆ ಬಾಟಲಿ. ಉಗ್ರಾಣದವರು ನನ್ನನ್ನು ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಯಾವ ಗುಂಪು ಯಾವಾಗ ಔಷಧಕ್ಕೆ ಬಗ್ಗದ ಹಾಗಾಗುತ್ತದೆಂದು ಎಣಿಸುತ್ತೇನೆ. ಐದು ತಿಂಗಳು ಬೇಕಾಗಬಹುದು.

ಉತ್ತರ ಯಾವ ಕಡೆ ಬಂದರೂ ಬರೆಯುತ್ತೇನೆ. ನಿಮಗೆ ಬೇಡವೆನಿಸಿದರೆ ಈಗಲೇ ಹೇಳಿ.

ನಿಮ್ಮ
ಸಂಶೋಧಕಿ


ಜುಲೈ 26

ಮಗಳೇ,

ಯಾವ ಕಡೆ ಬಂದರೂ ಬರೆ. ಕಪ್ಪು ಕಾಗದವನ್ನು ಕನ್ನಡಿಗೆ ಸಿಕ್ಕಿಸಿದ್ದೇನೆ. ಬಣ್ಣ ಹಚ್ಚುವಾಗ ಎದುರಿಗಿರುತ್ತದೆ.

ದೊರೆ


ಅಕ್ಟೋಬರ್ 4

ದೊರೆಯವರಿಗೆ,

ಇಂದಿನಿಂದ ಮೂರನೆಯ ಗುಂಪಿಗೆ ಬಿಡುವು. ತಿಳಿಸಬೇಕೆನಿಸಿತು.

ಸಂಶೋಧಕಿ


ಅಕ್ಟೋಬರ್ 15

ಮಗಳೇ,

ನಿನ್ನೆಗೆ ಹನ್ನೊಂದು ಮುಗಿಯಿತು. ನಾನು ಇಲ್ಲಿ ಒಂದೊಂದೇ ದಿನ ಕಳೆದೆ. ರಂಗದ ಮೇಲೆ ಒಂದು ದಿನವೂ ನನ್ನ ಮಾತು ತಪ್ಪಲಿಲ್ಲ, ಆದರೆ ಏನು ಮಾತಾಡಿದೆನೆಂದು ನೆನಪಿಲ್ಲ.

ದೊರೆ


ಡಿಸೆಂಬರ್ 28

ದೊರೆಯವರಿಗೆ,

ಕೂತು ಓದಿ. ಗಟ್ಟಿಯಾಗಿ ಬೇಡ.

ತಪ್ಪದೆ ಔಷಧ ಪಡೆದ ಸೀಸೆಗಳು ನೂರಾ ಮೂವತ್ತೊಂದನೆಯ ದಿನದ ಸುಮಾರಿಗೆ ಔಷಧವನ್ನು ಲೆಕ್ಕಿಸದೆ ಬೆಳೆಯತೊಡಗಿದವು. ಹನ್ನೊಂದು ದಿನ ಬಿಡುವು ಪಡೆದವು ನೂರಾ ನಲವತ್ತೇಳನೆಯ ದಿನದ ಸುಮಾರಿಗೆ. ಬಿಡುವಿನವು ಬೇಗ ಕೆಡಲಿಲ್ಲ, ಹದಿನಾರು ದಿನ ತಡವಾಗಿ ಕೆಟ್ಟವು. ಅದರಲ್ಲಿ ಹನ್ನೊಂದು ದಿನ ಬಿಡುವಿನದ್ದೇ. ಉಳಿದ ಐದು ದಿನ ನನ್ನ ಅಳತೆಯ ಏರುಪೇರೂ ಇರಬಹುದು. ಅದನ್ನು ನಾನು ಲಾಭವೆಂದು ಹೇಳುವುದಿಲ್ಲ.

ಪ್ರತಿ ವಾರ ಪಂಪಿನ ಜೀನನ್ನು ಆಲಿಸಿದೆ. ಔಷಧ ಕಾಣದ ಸೀಸೆಗಳಲ್ಲಿ ಅದು ಕೊನೆಯವರೆಗೂ ಪಿಸುಗುಟ್ಟಿತಷ್ಟೆ. ಔಷಧ ಕಂಡ ಎರಡು ಗುಂಪುಗಳಲ್ಲೂ ಮೆಲ್ಲಗೆ ಏರಿತು. ಬಿಡುವಿನ ಹನ್ನೊಂದು ದಿನ ದನಿ ತಗ್ಗಿಸಿತು, ಔಷಧ ಬಂದಾಗ ಬಿಟ್ಟಲ್ಲಿಂದ ಮತ್ತೆ ಏರಿತು. ಆ ದಿನಗಳಲ್ಲಿ ಅದು ಹೊಸದೇನನ್ನೂ ಕಲಿಯಲಿಲ್ಲ. ಒಂಬತ್ತು ಸೀಸೆಗಳನ್ನೂ ನೀಲಿ ಬೆಳಕಿನಲ್ಲಿ ನೋಡಿದ್ದೇನೆ, ಹಸಿರು ಇಲ್ಲ. ಹೆಸರು ಮುಚ್ಚಿಟ್ಟ ಸೀಸೆಗಳನ್ನು ಮೇಡಂ ತಾವೇ ಎಣಿಸಿದರು. ಅವರ ಎಣಿಕೆಯೂ ಇದೇ.

ಇನ್ನು, ನೀವು ಮುಂದೆ ಏನು ಕೇಳುತ್ತೀರೆಂದು ನನಗೆ ಗೊತ್ತು. ಹಾಗಾದರೆ ಇನ್ನೂ ಹೆಚ್ಚು ಬಿಡುವು ಕೊಟ್ಟಿದ್ದರೆ? ಅದನ್ನು ನಾನು ನೋಡಿಲ್ಲ. ಸೀಸೆ ದೇಹವಲ್ಲ. ಸೀಸೆಯಲ್ಲಿ ರಕ್ತ ಹರಿಯುವುದಿಲ್ಲ, ಹುಣ್ಣಾಗುವುದಿಲ್ಲ, ಯಾರೂ ಕನ್ನಡಿಯಲ್ಲಿ ನೋಡಿ "ಸರಿ" ಅನ್ನುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ನಿಮ್ಮ ಪತ್ನಿಯವರದೇ ಕೋಶಗಳ ಮುಂದೆ ನಿಮ್ಮ ಪ್ರಶ್ನೆಯನ್ನು ಇಟ್ಟೆ. ಆ ಹನ್ನೊಂದು ದಿನಗಳ ವಿರುದ್ಧ ಅವು ದೂರು ಹೇಳಲಿಲ್ಲ.

ಈಗ ಈ ಕೋಶಗಳು ಬೇರೆ ಪ್ರಯೋಗಾಲಯಗಳಿಗೂ ಹೊರಡುತ್ತವೆ. ಪ್ರತಿ ಕೊಳವೆಯ ಜೊತೆ ಒಂದು ವೃತ್ತಾಂತದ ಹಾಳೆ ಹೋಗುತ್ತದೆ: ವಯಸ್ಸು, ರೋಗ, ಯಾವ ಔಷಧ, ಎಷ್ಟು ದಿನ. ಅಲ್ಲಿ ಈಗಲೂ "ಒಂದು ದಿನವೂ ತಪ್ಪಿಲ್ಲ" ಎಂದೇ ಇದೆ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ, ಆಸ್ಪತ್ರೆಯ ಫೈಲು ತಿದ್ದಿದರೆ ಮಾತ್ರ ಸಾಧ್ಯ. ನಿಮ್ಮನ್ನು ಒತ್ತಾಯಿಸುವುದಿಲ್ಲ.

ಆ ಧ್ವನಿ ಕೇಳಬೇಕಿತ್ತು ನಾನು.

ನಿಮ್ಮ
ಸಂಶೋಧಕಿ


ಜನವರಿ 16

ಮಗಳೇ,

ಕೂತು ಓದಿದೆ, ಮನಸ್ಸಿನಲ್ಲೇ. ಮುಗಿದ ಮೇಲೆ ಅರ್ಧ ಗಂಟೆ ಎದ್ದೇಳಲಿಲ್ಲ. ತಮ್ಮ ಬಾಗಿಲಿಂದ ಇಣುಕಿ, ನನ್ನ ಮುಖ ನೋಡಿ, ಏನೂ ಕೇಳದೆ ಬಾಗಿಲು ಎಳೆದುಕೊಂಡು ಹೋದ. ಮಾತಿಲ್ಲದೆ ಅವನು ಮಾಡಿದ ಮೊದಲ ನಿರ್ಗಮನ ಅದು.

ಮರುದಿನ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ದೊಡ್ಡ ಡಾಕ್ಟರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಮೇಜಿನ ತುಂಬ ಫೈಲು, ಗೋಡೆಗೆ ಒರಗಿಸಿದ ಮುರಿದ ಕೊಡೆ. ಕಂಚುವಿನ ಫೈಲು ತರಿಸಿದರು. ಎದುರು ನಿಂತೇ ಹೇಳಿದೆ: ಅದರಲ್ಲೊಂದು ಸುಳ್ಳಿದೆ, ಹೇಳಿದವನು ನಾನು. ಹನ್ನೊಂದು ದಿನ ಗುಳಿಗೆ ಬಿಡಿಸಿದ್ದೆ. ತಾರೀಖುಗಳನ್ನೂ ಹೇಳಿದೆ. ಜೋಡಿಸಿಕೊಂಡಿದ್ದ ಮಾತು ಅಷ್ಟರಲ್ಲೇ ಮುಗಿದುಹೋಯಿತು.

ಅವರು ಕನ್ನಡಕ ತೆಗೆದಿಟ್ಟರು. ಬೆರಳಿನಿಂದ ಫೈಲಿನ ಅಂಚು ಸರಿಮಾಡಿದರು.

"ನಾನು ಒಂಬತ್ತನೇ ದಿನ ಬಂದಿದ್ದೆ," ಅಂದರು. "ನಾಲ್ಕನೇ ಸಾಲು, ಕಂಬದ ಪಕ್ಕ. ಆ ಗುಳಿಗೆ ನುಂಗ್ತಿರೋ ಬಾಯಲ್ಲಿ ಆ ಧ್ವನಿ ಬರಲ್ಲ, ದೊರೆಗಳೇ. ಅವರು ಬಾಯಿ ಬಿಟ್ಟ ಮೊದಲನೇ ಮಾತಿಗೇ ನನಗೆ ಗೊತ್ತಾಯ್ತು."

ನಾನು ಕುರ್ಚಿ ಎಳೆದು ಕೂತೆ. ಮತ್ತೆ ಯಾಕೆ ಕೇಳಲಿಲ್ಲ ಅಂದೆ.

"ಕೇಳಿದ್ರೆ ಆ ಆಟ ನಿಲ್ಲಿಸ್ಬೇಕಾಗಿತ್ತು," ಅಂದರು. "ನನಗೆ ನಿಲ್ಲಿಸೋಕೆ ಮನಸ್ಸಿರಲಿಲ್ಲ. ಆಮೇಲೆ ತಪಾಸಣೇಲಿ ನೀವು ಇಲ್ಲ ಅಂದ್ರಿ. ನಾನು ಹಾಗೇ ಬರ್ಕೊಂಡೆ. ಗೊತ್ತಿದ್ದೂ ಬರ್ಕೊಂಡೆ."

ಮಗಳೇ, ಇಷ್ಟು ದಿನ ಆ ಹನ್ನೊಂದು ದಿನಗಳ ರಂಗದ ಮೇಲೆ ನಾನೊಬ್ಬನೇ ನಿಂತಿದ್ದೇನೆ ಅಂದುಕೊಂಡಿದ್ದೆ. ಆ ಮನುಷ್ಯ ಕಂಬದ ಪಕ್ಕದಲ್ಲಿ ಕೂತೇ ಇದ್ದರು. ನಿನ್ನ ಸೀಸೆಗಳ ವಿಷಯ ಹೇಳಿದೆ. ನೂರಾ ಮೂವತ್ತೊಂದು, ನೂರಾ ನಲವತ್ತೇಳು. ಎರಡು ಸಲ ಹೇಳಿಸಿಕೊಂಡರು. ಅವರಿಗೂ ಅದು ಬೇಕಾಗಿತ್ತೆಂದು ಆಗ ಕಂಡೆ.

ಹಳೆಯ ಸಾಲಿಗೆ ಅಡ್ಡಗೆರೆ ಎಳೆದರು. ತಾರೀಖು ಬರೆದರು. ಪಕ್ಕದಲ್ಲಿ "ಕಾರಣ" ಎಂದು ಒಂದು ಅಂಕಣವಿತ್ತು. ಅಲ್ಲಿ "ರೋಗಿಯ ಇಚ್ಛೆ" ಎಂದು ಬರೆಯಹೊರಟರು. ನಾನು ಬೇಡವೆಂದೆ, ಅವಳು ಬಾಯಿಬಿಟ್ಟು ಕೇಳಿದ್ದಲ್ಲ. ಹಾಗಾದರೆ "ಗಂಡನ ಒತ್ತಾಯ" ಎಂದು ಬರೆಯಿರಿ ಅಂದೆ. ಅವರು ಪೆನ್ನನ್ನು ಹಿಂದಕ್ಕೆಳೆದುಕೊಂಡರು. ಆ ದಿನ ಅವರು ಕೇಳಿದ ಧ್ವನಿ ಯಾರದೋ ಒತ್ತಾಯಕ್ಕೆ ನಿಂತವರದ್ದಲ್ಲವಂತೆ. ಇಬ್ಬರು ಮುದುಕರು ಒಂದು ಅಂಕಣಕ್ಕಾಗಿ ಬಹಳ ಹೊತ್ತು ಜಗಳವಾಡಿದೆವು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಕೊನೆಗೆ ಅವರು ನನ್ನನ್ನು ಕೇಳದೆಯೇ ಒಂದೇ ಪದ ಬರೆದು, ಕೆಳಗೆ ರುಜು ಮಾಡಿ, ಪುಟವನ್ನು ನನ್ನ ಕಡೆ ತಿರುಗಿಸಿದರು.

ಅದರ ಪ್ರತಿ ಇದರೊಂದಿಗಿದೆ. ನಿನ್ನ ವೃತ್ತಾಂತದ ಹಾಳೆಗೆ ಅಕ್ಷರ ಬಿಡದೆ ಸೇರಿಸು. ಎಲ್ಲೋ ಕಾಣದ ಜಾಗದಲ್ಲಿ ಯಾರೋ ನಿನ್ನಂಥವಳು ಆ ಕೊಳವೆಯನ್ನು ಕರಗಿಸುವ ಮುಂಚೆ ಓದಲಿ:

ಔಷಧ ನಿಲ್ಲಿಸಿದ ಅವಧಿ: ಹನ್ನೊಂದು ದಿನ. ಕಾರಣ: ನಾಟಕ.

ನಿನ್ನ
ದೊರೆ